ಮೋಹನಗಡ, ಐದನೆಯ ಭಾಗ

ಅಂಬಮ್ಮ ಉಡಿ ತುಂಬುವ ಮೊರ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಹಂಪಮ್ಮ ಬಂದು ಅವಳ ಮುಂಗೈ ಹಿಡಿದಳು.

"ಎಲ್ಲಿಗಿ ಹೊಂಟಿ? ಇಡು ಅದನ್ನ. ಸವತಿ ಉಡಿ ಸವತಿ ತುಂಬೂದು ಯಾವ ಸೀಮ್ಯಾಗೂ ಇಲ್ಲ."

"ಬಿಡ್ರಿ ಹಂಪಕ್ಕಾರ. ನಾನೇ ತುಂಬತೀನಿ."

"ತುಂಬತಾಳಂತ! ನಾಳಿ ಆಕಿ ತಿರುಗಿ ಬಂದು ನಿನ್ನ ಕೂದಲಾ ಹಿಡದ್ರ ನನ್ನ ಕರೀಬ್ಯಾಡ ಮತ್ತ."

ಮಾನ್ವಿಯ ಶೇಂಗಾ ವ್ಯಾಪಾರಿ ವಿರೂಪಣ್ಣನ ಪಡಸಾಲೆಯ ತುಂಬ ಹೆಂಗಸರು. ನಡುವೆ, ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ ಬಳಿದು, ಹಸಿರು ಇಳಕಲ್ ಸೀರೆ ಉಡಿಸಿ ಅವನ ಹಿರಿಯ ಹೆಂಡತಿ ಬಸವಂತಮ್ಮನನ್ನು ಕುಳ್ಳಿರಿಸಿದ್ದರು. ಲಿಂಗವಂತರ ಮನೆಯಲ್ಲಿ ಸತ್ತವರು ಮಲಗುವುದಿಲ್ಲ, ಕುಳಿತೇ ಹೋಗುತ್ತಾರೆ. ಆದರೆ ಬಸವಂತಮ್ಮ ಕುಳಿತದ್ದು ಯಾರಿಗೂ ಹೆಣ ಕುಳಿತಂತೆ ಕಾಣುತ್ತಿರಲಿಲ್ಲ. ಅದೇ ಗೋಡೆ, ಅದೇ ಕಂಬಳಿ. ದಿನಾ ಮಧ್ಯಾಹ್ನ ಶೇಂಗಾ ಸುಲಿಯುವ ಹೆಂಗಸರಿಗೆ ಅವಳು ಮೋಹನಗಡ ಎಂಬ ಕಾದಂಬರಿಯನ್ನು ಓದಿ ಹೇಳುತ್ತಿದ್ದದ್ದು ಅಲ್ಲಿಯೇ ಕುಳಿತು. ನಿನ್ನೆ ಉಂಡು, "ಒಂದು ಚಣ ಕಣ್ಣು ಮುಚ್ತೀನಿ, ಆಮ್ಯಾಲ ಓದೋಣು" ಎಂದು ಒರಗಿದವಳು ಏಳಲಿಲ್ಲ. ಗಂಡ ಕಣ್ಣೆದುರಿಗೇ ಇರುವಾಗ, ನೋವಿಲ್ಲದೆ, ಮುತ್ತೈದೆಯಾಗಿ ಹೋದವಳು. ಅಂಥ ಸಾವಿಗೆ ಯಾರು ಎಷ್ಟು ಅಳಬೇಕು? ಬೆಳಗಿನಿಂದ ಅತ್ತು ದಣಿದ ಹೆಂಗಸರು ಈಗ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು.

ಹಂಪಮ್ಮ ವಿರೂಪಣ್ಣನ ಅಕ್ಕ, ದೇವದುರ್ಗಕ್ಕೆ ಕೊಟ್ಟವಳು. ಹತ್ತಿ ಹೇರಿದ ಲಾರಿಯವನ ಕೈಲಿ ಸುದ್ದಿ ಮುಟ್ಟಿ, ಸಿರವಾರದ ಮೇಲೆ ಹಾಯ್ದು ಬರುವ ಸರ್ವಿಸ್ ಮೋಟಾರಿನಲ್ಲಿ ಮಧ್ಯಾಹ್ನಕ್ಕೆ ಬಂದು ಇಳಿದಿದ್ದಳು. ಬಾಗಿಲಲ್ಲೇ ಎದೆ ಬಡಿದುಕೊಂಡು ಓಣಿಗೆಲ್ಲ ಕೇಳುವಂತೆ ಅತ್ತಳು. ಆಮೇಲೆ ಮುಖ ತೊಳೆದು ಒಂದು ಬಟ್ಟಲು ಚಹಾ ಕುಡಿದು ಮನೆಯ ದರ್ಬಾರನ್ನು ಕೈಗೆ ತೆಗೆದುಕೊಂಡಳು.

"ವಿರೂಪಣ್ಣಾ, ನೀನರ ಹೇಳು," ಎಂದಳು ತಮ್ಮನಿಗೆ.

ಬಾಗಿಲಲ್ಲಿ ನಿಂತಿದ್ದ ವಿರೂಪಣ್ಣ ಇಬ್ಬರ ಮುಖವನ್ನೂ ನೋಡಿದ. "ನಿಮ್ಮ ನಿಮ್ಮೊಳಗ ನೋಡಕೊಳ್ರಿ," ಎಂದು ಭಜನೆಯವರ ಕಡೆಗೆ ಹೊರಟುಹೋದ. ಎರಡು ಹೆಂಡಿರ ಗಂಡನಾಗಿ ಅವನು ಕಲಿತ ಮಾತು ಅದೊಂದೇ.

ಅಂಬಮ್ಮ ಮೊರವನ್ನು ಕೆಳಗಿಡಲಿಲ್ಲ. ಈ ಮನೆಯ ಹೊಸ್ತಿಲು ತುಳಿದ ದಿನ ಅವಳ ಉಡಿ ತುಂಬಿದ್ದು ಅವಳು ಅಕ್ಕ ಎನ್ನುತ್ತಿದ್ದ ಬಸವಂತಮ್ಮ. ಅಕ್ಕನ ಕಡೆಯ ಉಡಿಯನ್ನು ಇನ್ನೊಬ್ಬರು ತುಂಬಿ ಕಳಿಸುವುದನ್ನು ನೋಡುತ್ತ ಮೂಲೆಯಲ್ಲಿ ಹೇಗೆ ಕೂರುವುದು? ಅವಳಿಗೆ ಅದು ಬೇಕೇ ಬೇಕಾಗಿತ್ತು.

ಅಷ್ಟರಲ್ಲಿ ಯಾರೋ ಅಂಬಮ್ಮನ ಮಗಳನ್ನು ಕೂಗಿದರು. "ಏ ತರಂಗಿಣೀ, ನೀರಿನ ತಂಬಿಗಿ ತಾ."

"ಹಾಂ! ಆ ಹೆಸರು ಕೇಳಿದ್ರ ನನಗ ಮೈ ಉರೀತದ," ಎಂದಳು ಹಂಪಮ್ಮ. "ಸೋದರತ್ತಿ ನಾನು. ತೊಟ್ಟಲದಾಗ ಕೂಸಿನ ಕಿವ್ಯಾಗ ಹೆಸರು ಹೇಳಾಕಿ ನಾನು. ನಾನು ಬಾಯಿ ತೆರಿಯೂದ್ರೊಳಗ ಬಸವಂತಮ್ಮ ಕೂಗಿಬಿಟ್ಟಳು. ಹೋಗ್ಲಿ, ಒಂದು ಚಲೋ ಹೆಸರರ ಕೂಗಬಾರದಾ? ವಿಷಾ ಹಾಕಿದಾಕಿ ಹೆಸರು ಯಾರಾರ ಇಡ್ತಾರೇನು?"

ಎಲೆ ಅಗಿಯುತ್ತಿದ್ದ ಬಾಯಿಗಳು ನಿಂತವು. ಪಕ್ಕದ ಮನೆಯ ಬಡೇಬೀ ಕೇಳಿದಳು, "ಯಾರು ವಿಷಾ ಹಾಕಿದ್ದು?"

"ತರಂಗಿಣಿ! ಮೋಹನಗಡದ ತರಂಗಿಣಿ! ಜ್ವರ ಬಂದು ಮಲಗಿದ ಹೈಮವತಿಗೆ ಹಾಲಿನಾಗ ವಿಷಾ ಬೆರಸಿ ಕೊಟ್ಟಿಲ್ಲೇನು, ಎರಡನೇ ಭಾಗದಾಗ? ನಮ್ಮೂರ ಪೋಸ್ಟ್ ಮಾಸ್ತರನ ಹೆಂಡ್ತಿ ಧಾರವಾಡದಾಕಿ. ಮೊದಲಿನ ನಾಲ್ಕೂ ಭಾಗ ಓದಿ ಹೇಳ್ಯಾಳ ನನಗ."

ಪಡಸಾಲೆಯಲ್ಲಿ ಗದ್ದಲವೆದ್ದಿತು. ಸತ್ತ ಮನೆ ಎಂಬುದೂ ಮರೆತುಹೋಯಿತು.

"ತೋಬಾ ತೋಬಾ! ವಿಷಾ ಹಾಕಿದ್ದು ವೈದ್ಯ," ಎಂದಳು ಬಡೇಬೀ. "ತರಂಗಿಣಿ ಆ ಹಾಲು ಮೊದಲು ತಾನು ಕುಡದು ನೋಡಿದಳು."

ಅಂಗಳದಲ್ಲಿ ಕುಳಿತಿದ್ದ ಕೂಲಿಯ ಗೋಪಮ್ಮ ಎದ್ದೇ ನಿಂತಳು. "ಕುಡದು ಎಚ್ಚರ ತಪ್ಪಿ ಬಿದ್ದಳಲ್ರೀ ಯವ್ವಾ! ಅದನ್ನ ಕೇಳಿ ನಾನು ಅವತ್ತು ಉಣಲಿಲ್ಲ."

ಮೋಹನಗಡದ ಅರಸ ಚಂದ್ರಸೇನನಿಗೆ ಇಬ್ಬರು ಹೆಂಡಿರು, ಮೊದಲು ಒಲಿದ ಹೈಮವತಿ, ಆಮೇಲೆ ಬಂದ ತರಂಗಿಣಿ. ಈ ಓಣಿಯಲ್ಲಿ ತರಂಗಿಣಿ ಹಾಲು ಕುಡಿದಳೋ ಇಲ್ಲವೋ ಎಂಬ ಸಂಶಯ ಎಂದೂ ಹುಟ್ಟಿರಲಿಲ್ಲ. ಯಾಕೆ ಕುಡಿದಳು ಎಂಬುದೊಂದೇ ತಕರಾರು. ಅರಸನ ಮುಂದೆ ಒಳ್ಳೆಯವಳೆನಿಸಿಕೊಳ್ಳಲು ಎಂದು ಬಡೇಬೀ. ಹೈಮವತಿ ಸತ್ತರೆ ಜಗಳಾಡಲು ಯಾರಿದ್ದಾರೆ ಎಂದು ಗೋಪಮ್ಮ. ಅಂಬಮ್ಮನದು ಬೇರೆಯೇ ಲೆಕ್ಕ. ಅಷ್ಟು ದೊಡ್ಡ ಅರಮನೆಯಲ್ಲಿ ತರಂಗಿಣಿಯನ್ನು ಊಟವಾಯಿತೇ ಎಂದು ಕೇಳುತ್ತಿದ್ದವಳು ಹೈಮವತಿ ಒಬ್ಬಳೇ, ಅದಕ್ಕೇ ಕುಡಿದಳು ಎನ್ನುತ್ತಿದ್ದಳು. ಬಸವಂತಮ್ಮ ಯಾರ ಪಕ್ಷವನ್ನೂ ವಹಿಸದೆ, ಬೆರಳನ್ನು ಪುಟದ ನಡುವೆ ಇಟ್ಟುಕೊಂಡು, ವಾದ ಮುಗಿಯುವವರೆಗೆ ನಗುತ್ತ ಕೂರುತ್ತಿದ್ದಳು.

ಹಂಪಮ್ಮ ಅಂಬಮ್ಮನ ಕಡೆ ತಿರುಗಿದಳು. ದನಿ ತಗ್ಗಿಸಿದಳು, ಮಾತು ತಗ್ಗಿಸಲಿಲ್ಲ. "ಆಕಿ ನಿನ್ನ ಮ್ಯಾಲ ಜೀವಾ ಇಟ್ಟಿದ್ದಳಂತ ತಿಳಕೊಂಡೀಯಲ್ಲ, ಹುಚ್ಚಿ ನೀನು. ಸವತಿ ಮಗಳಿಗೆ ಯಾವಾಕಿ ಹೆಸರಿಟ್ಟಾಳ ನೋಡು. ನೀನು ವಿಷಾ ಹಾಕೂ ಸವತಿ ಅಂತ ನಿನ್ನ ಮುಖದ ಮ್ಯಾಲೇ ಅಂದಾಳ ಆಕಿ. ನಿನಗ ಓದಾಕ ಬರೂದಿಲ್ಲ, ನಕ್ಕೊಂತ ತೊಟ್ಟಲಾ ತೂಗಿದಿ."

ಅಂಬಮ್ಮನ ಕೈಯ ಮೊರ ಭಾರವಾಯಿತು. ಹೆಸರಿಟ್ಟ ದಿನ ಅಕ್ಕ ತುಂಬ ನಕ್ಕಿದ್ದಳು. ಆ ನಗೆ ಈಗ ಬೇರೆಯಾಗಿ ನೆನಪಾಗತೊಡಗಿತು. ಅಕ್ಕ ಸತ್ತದ್ದಕ್ಕಿಂತ ಇದು ಹೆಚ್ಚು ನೋಯುತ್ತಿತ್ತು.

*

ಗಬ್ಬೂರಿನಿಂದ ಈ ಮನೆಗೆ ಬಂದಾಗ ಅಂಬಮ್ಮ ಇನ್ನೂ ಹುಡುಗಿ. ಹಿರಿಯಳಿಗೆ ಮಕ್ಕಳಾಗಲಿಲ್ಲವೆಂದು ವಿರೂಪಣ್ಣ ಎರಡನೆಯವಳನ್ನು ತಂದಿದ್ದ. ಸವತಿಯ ಬಗ್ಗೆ ತವರಿನ ಹೆಂಗಸರು ಒಬ್ಬೊಬ್ಬರು ಒಂದೊಂದು ಕತೆ ಹೇಳಿ ಹೆದರಿಸಿ ಕಳಿಸಿದ್ದರು. ಬಂದವಳು ಅಡುಗೆಮನೆಯ ಬಾಗಿಲ ಹಿಂದೆಯೇ ಉಳಿದಳು.

ಬಸವಂತಮ್ಮ ಹೊಳೆಯಾಚೆಯ ಸಿರುಗುಪ್ಪದವಳು. ಅದು ಇಂಗ್ರೇಜರ ಸೀಮೆ, ಅಲ್ಲಿ ಕನ್ನಡ ಸಾಲೆಯಿತ್ತು. ಈಚೆಯ ನಿಜಾಮರ ಸೀಮೆಯಲ್ಲಿ ಸಾಲೆಯೆಂದರೆ ಉರ್ದು ಸಾಲೆ, ಅದೂ ಗಂಡುಹುಡುಗರಿಗೆ. ಹೀಗಾಗಿ ಓಣಿಗೆಲ್ಲ ಕನ್ನಡ ಓದಬಲ್ಲ ಹೆಂಗಸು ಅವಳೊಬ್ಬಳೇ. ವಿರೂಪಣ್ಣ ಶೇಂಗಾ ಮಾರಲು ರಾಯಚೂರಿಗೆ ಹೋದಾಗ ಸ್ಟೇಷನ್ನಿನ ಬಳಿ ಅವಳಿಗಾಗಿ ಪುಸ್ತಕ ಹುಡುಕಿ ತರುತ್ತಿದ್ದ. ಆ ಸಲ ತಂದದ್ದು ಮೋಹನಗಡದ ಮೊದಲ ಭಾಗ.

ಬಾಗಿಲ ಸಂದಿಯಿಂದ ಅಂಬಮ್ಮ ಕೇಳುತ್ತಿದ್ದಳು. ಅರಮನೆಯ ಮುಂದೆ ಮೇನೆ ಬಂದು ನಿಂತಿತು. ಅದರಿಂದ ಎರಡನೆಯವಳು ಇಳಿದಳು. "ಮೇನೆಯಿಂದ ಇಳಿದ ತರಂಗಿಣಿಯ ಕಣ್ಣುಗಳಲ್ಲಿ..." ಎಂದು ಓದಿ ಬಸವಂತಮ್ಮ ತಡೆದಳು. ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ತಂಬಿಗೆ ಎತ್ತಿ ನೀರು ಕುಡಿದಳು.

"ಕಣ್ಣುಗಳಲ್ಲಿ ಅಂಜಿಕೆ ತುಂಬಿತ್ತು. ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ."

ಮರುದಿನ ಅಂಬಮ್ಮ ಹೊಸ್ತಿಲವರೆಗೆ ಬಂದಳು. ವಾರದೊಳಗೆ ಮಡಿಲಲ್ಲಿ ಶೇಂಗಾ ಹಾಕಿಕೊಂಡು ಅಕ್ಕನ ಮಗ್ಗುಲಲ್ಲಿ ಕುಳಿತಿದ್ದಳು.

*

"ಸುಮ್ನ ಯಾಕ ಬಾಯಿ? ಪುಸ್ತಕ ಅದಾವಲ್ಲ, ತೆಗದು ನೋಡ್ರಿ," ಎಂದಳು ಬಡೇಬೀ.

ನೋಡಲು ಓದು ಬಲ್ಲವರು ಬೇಕಲ್ಲ. ವಿಧಿ ಮಾಡಿಸಲು ಬಂದು ಕಟ್ಟೆಯ ಮೇಲೆ ಕುಳಿತಿದ್ದ ಮಹಾಂತಯ್ಯನವರನ್ನು ಒಳಗೆ ಕರೆದರು. ಅಯ್ಯನವರು ವಚನ, ಪುರಾಣ ಬಿಟ್ಟು ಬೇರೆ ಓದಿದವರಲ್ಲ. "ಇಂಥಾ ಹೊತ್ತಿನ್ಯಾಗ ಇಂಥಾ ಪುಸ್ತಕೇನವಾ?" ಎಂದು ಗೊಣಗಿದರೂ ಚಾಳೀಸನ್ನು ಮೂಗಿನ ಮೇಲೆ ಏರಿಸಿಕೊಂಡರು. ಎರಡನೆಯ ಭಾಗದಲ್ಲಿ ಹಾಲಿನ ಪ್ರಸಂಗ ಸಿಕ್ಕಿತು. ಅಲ್ಲಿ ವೈದ್ಯನೇ ಇರಲಿಲ್ಲ. ತರಂಗಿಣಿ ತನ್ನ ಕೈಯಾರೆ ವಿಷ ಬೆರೆಸಿ, ನಗುನಗುತ್ತ ಬಟ್ಟಲು ನೀಡಿದ್ದಳು.

"ಕೇಳಿದ್ರಾ?" ಎಂದಳು ಹಂಪಮ್ಮ. ಗೋಪಮ್ಮ ಹಣೆ ಬಡಿದುಕೊಂಡು ಕೆಳಗೆ ಕುಳಿತಳು.

ಅಂಬಮ್ಮ ಮೊರವನ್ನು ಕೆಳಗಿಟ್ಟಳು. ಗೋಡೆಯ ಗೂಡಿನಿಂದ ಮೊದಲ ಭಾಗವನ್ನು ತಂದುಕೊಟ್ಟಳು. "ಅಯ್ಯಾರ, ಇದರಾಗ ಮೇನ್ಯಾಗಿಂದ ಇಳಿಯೂದು ಬರ್ತದ. ಅದೊಂದು ಓದ್ರಿ."

ಮಹಾಂತಯ್ಯ ಪುಟ ತಿರುವಿ ಹುಡುಕಿ ಓದಿದರು. "ಮೇನೆಯಿಂದ ಇಳಿದ ತರಂಗಿಣಿಯ ಕಣ್ಣುಗಳಲ್ಲಿ ಹೆಣ್ಣು ಸರ್ಪದ ದ್ವೇಷವು ಹೊಳೆಯುತ್ತಿತ್ತು."

ಅಕ್ಕ ಓದು ತಡೆದು ನೀರು ಕುಡಿದ ಆ ತಂಬಿಗೆ ಅಂಬಮ್ಮನಿಗೆ ನೆನಪಾಯಿತು. ಅಕ್ಕನಿಗೆ ಅಂದು ಗಂಟಲು ಒಣಗಿರಲಿಲ್ಲ.

"ಅಚ್ಚಿನಾಗ ಸರ್ಪ ಅದ," ಎಂದಳು ಮೆಲ್ಲಗೆ. "ಅಕ್ಕ ಅಂಜಿಕಿ ಅಂತ ಓದಿದಳು. ನಾನು ಬಾಗಲದ ಹಿಂದ ನಿಂತಿದ್ದೆ."

ಹಂಪಮ್ಮ ಸೋಲಲು ಒಪ್ಪಲಿಲ್ಲ. "ಒಂದು ದಿನ ಓದಿರಬೇಕು. ಹೊಸದಾಗಿ ಬಂದಾಕಿ ಅಂತ ಕರುಣಾ ಬಂದಿರಬೇಕು. ಹೆಸರಿಡೂ ಹೊತ್ತಿಗೆ ಮನಸ್ಸಿನ್ಯಾಗ ಏನಿತ್ತೋ ಯಾರು ಕಂಡಾರ? ಕಡೀ ಭಾಗದಾಗ ಏನದ, ಅದನ್ನ ಓದಿಸು."

ಐದನೆಯ ಭಾಗ ಸತ್ತವಳ ಕಂಬಳಿಯ ಪಕ್ಕದಲ್ಲೇ ಇತ್ತು. ಯುಗಾದಿಯಿಂದ ಅವಳು ಓದುತ್ತಿದ್ದದ್ದು ಅದನ್ನೇ. ಮಹಾಂತಯ್ಯ ಕೈಗೆ ತೆಗೆದುಕೊಂಡು, ಅತ್ತ ಇತ್ತ ತಿರುವಿ, ಅಂಚಿಗೆ ಹೆಬ್ಬೆರಳು ಸವರಿದರು.

"ಇದನ್ನ ಓದೂದು ಹೆಂಗವಾ? ಹಾಳಿ ಕೊಯ್ದೇ ಇಲ್ಲ."

"ಅಂದ್ರ?"

"ಅಚ್ಚಿನ ಮನ್ಯಾಗ ಹಾಳಿ ಮಡಚಿ ಹೊಲೀತಾರ. ಚಾಕು ತಗೊಂಡು ನಾವು ಅಂಚು ಕೊಯ್ದುಕೋಬೇಕು. ಇದನ್ನ ಯಾರೂ ಕೊಯ್ದಿಲ್ಲ. ಒಳಗಿನ ಪುಟ ಒಂದೂ ಕಾಣೂದಿಲ್ಲ. ಇದನ್ನ ಇನ್ನೂ ಯಾರೂ ಓದಿಲ್ಲ."

"ಓದಿಲ್ಲಾ?" ಬಡೇಬೀ ಬಾಯಿಗೆ ಸೆರಗು ಹಚ್ಚಿಕೊಂಡಳು. "ಮತ್ತ ದಿನಾ ನಮಗ ಹೇಳಿದ್ದು? ಗಡಕ್ಕ ವೈರಿಗಳು ಮುತ್ತಿಗಿ ಹಾಕಿದ್ದು? ಇಬ್ಬರೂ ಒಂದೇ ಕುದರಿ ಹತ್ತಿ ಸುರಂಗದಾಗ ಹಾಯ್ದು ಹೋಗಿದ್ದು?"

"ಅದಕ್ಕೇ ಚಂದ್ರಸೇನ ಯುಗಾದಿಯಿಂದ ಕಾಣವಲ್ಲ!" ಎಂದಳು ಗೋಪಮ್ಮ. "ಬಸವಂತವ್ವ ಅವನನ್ನ ಮರತೇಬಿಟ್ಟಾಳ!"

ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಒಬ್ಬರಿಂದ ಒಬ್ಬರಿಗೆ ಹತ್ತಿ ಪಡಸಾಲೆಯೆಲ್ಲ ನಗೆಯಾಯಿತು. ಹೊರಗೆ ಭಜನೆಯ ತಾಳ ತಪ್ಪಿತು. ವಿರೂಪಣ್ಣ ಗಾಬರಿಯಿಂದ ಇಣುಕಿ ನೋಡಿದ.

ಅಂಬಮ್ಮ ನಗುತ್ತಿದ್ದಳು, ನಗುತ್ತಲೇ ಅಳತೊಡಗಿದಳು. ಅಕ್ಕ ಒಂದು ದಿನ ಕರುಣೆಗೆ ಸುಳ್ಳು ಓದಿದವಳಲ್ಲ. ಭಾಗದ ಮೇಲೆ ಭಾಗ, ಅಚ್ಚಿನಲ್ಲಿದ್ದ ಹಾವನ್ನು ಬದಿಗೆ ಸರಿಸಿ ತನ್ನ ತರಂಗಿಣಿಯನ್ನು ಬೆಳೆಸಿದಳು. ಕಡೆಗೆ ಅವಳಿಗೆ ಪುಸ್ತಕದ ಹಂಗೇ ಉಳಿಯಲಿಲ್ಲ. ತಾನು ಬೆಳೆಸಿದವಳ ಹೆಸರನ್ನೇ ಕೂಸಿಗೆ ಇಟ್ಟಳು. ಆ ದಿನದ ನಗೆ ಅದೇ ನಗೆ. ಅಂಬಮ್ಮನಿಗೆ ಅದು ಈಗ ಸ್ಪಷ್ಟವಾಯಿತು.

ಹಂಪಮ್ಮ ಬಸವಂತಮ್ಮನ ಕಡೆ ತಿರುಗಿದಳು. "ಎಂಥಾಕಿ ಇದ್ದಿಯಬೇ ನೀನು," ಎಂದಳು. "ಅಷ್ಟು ಸುಳ್ಳು ಹೇಳಿ ಒಂದು ದಿನಾನೂ ಸಿಕ್ಕಿಬೀಳಲಿಲ್ಲ." ಆಮೇಲೆ ಮೊರವನ್ನು ಅಂಬಮ್ಮನ ಕಡೆ ದೂಡಿದಳು. "ತುಂಬು. ಹೊತ್ತು ಮುಳುಗೂದ್ರೊಳಗ ಮಣ್ಣು ಮಾಡಬೇಕು."

ಅಂಬಮ್ಮ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು ಒಂದೊಂದಾಗಿ ಅಕ್ಕನ ಉಡಿಗೆ ಹಾಕಿದಳು. ಕಡೆಗೆ ಅಯ್ಯನವರ ಕೈಯಿಂದ ಐದನೆಯ ಭಾಗವನ್ನು ತೆಗೆದುಕೊಂಡು, ಕೊಯ್ಯದ ಹಾಳೆಗಳ ಸಮೇತ, ಅದನ್ನೂ ಉಡಿಯಲ್ಲಿಟ್ಟಳು.

"ಅಯ್ಯ! ಮತ್ತ ಕಡೀಗೆ ಏನಾತಂತ ನಮಗ ಹೆಂಗ ಗೊತ್ತಾಗಬೇಕು?" ಎಂದಳು ಬಡೇಬೀ.

"ಅದರಾಗ ಇರೂದು ನಮ್ಮ ಕತಿ ಅಲ್ಲಲ್ಲ," ಎಂದಳು ಅಂಬಮ್ಮ.

ಉಡಿಯ ಗಂಟು ಬಿಗಿಯುತ್ತಿದ್ದ ಹಂಪಮ್ಮ ತಲೆ ಎತ್ತದೆ, ಯಾರನ್ನೂ ಕೇಳದವಳಂತೆ ಕೇಳಿದಳು. "ಅಲ್ಲಬೇ, ಕುದರಿ ಹತ್ತಿ ಸುರಂಗದಾಗ ಹಾಯ್ದ್ರು ಅಂದ್ರಿ. ಆಮ್ಯಾಲ ಎಲ್ಲಿಗಿ ಹೋದ್ರು?"

ಎಲ್ಲರೂ ಅಂಬಮ್ಮನನ್ನು ನೋಡಿದರು. ಅಂಬಮ್ಮ ಅಕ್ಕನನ್ನು ನೋಡಿದಳು. ಕಂಬಳಿಯ ಅಂಚಿನಲ್ಲಿ, ದಿನಾ ಕೂರುವ ಜಾಗದಲ್ಲಿ, ಮಗ್ಗುಲಿಗೆ ಕುಳಿತಳು. ತಂಬಿಗೆ ಎತ್ತಿ ನೀರು ಕುಡಿದಳು.

"ಸುರಂಗ ಮುಗಿದಲ್ಲಿ ಒಂದು ಹೊಳೆ ಇತ್ತು," ಎಂದು ಶುರುಮಾಡಿದಳು. ಬಾಯಿಂದ ಪುಸ್ತಕದ ಕನ್ನಡವೇ ಬಂತು. "ಹೈಮವತಿಯು ಕುದುರೆಯನ್ನು ನಿಲ್ಲಿಸಿ, ಈಗ ಯಾವ ಕಡೆಗೆ ಹೋಗೋಣ ತಂಗೀ ಎಂದು ತರಂಗಿಣಿಯನ್ನು ಕೇಳಿದಳು..."

ಹೆಂಗಸರು ಕುಳಿತಲ್ಲಿಂದಲೇ ಸರಿದು ಹತ್ತಿರ ಬಂದರು. ಬೀದಿಯಲ್ಲಿ ಸತ್ತವಳನ್ನು ಕೂರಿಸಿ ಒಯ್ಯುವ, ಹೂವು ಕಟ್ಟಿದ ವಿಮಾನ ಸಿದ್ಧವಾಗಿ, ಹೊರುವವರು ಧೋತರ ಮೇಲೆತ್ತಿ ಕಟ್ಟಿ ಬಾಗಿಲಿಗೆ ಬಂದು, "ಹೊತ್ತಾತು, ಏಳ್ರಿ ಯವ್ವಾ," ಎಂದರು. ಹಂಪಮ್ಮ ತಿರುಗಿಯೂ ನೋಡದೆ, ಸುಮ್ಮನಿರಿ ಎಂದು ಕೈ ಬೀಸಿದಳು. ಹೊರುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಟ್ಟೆಯ ಮೇಲೆ ಕುಳಿತರು, ಅವರ ಪಕ್ಕದಲ್ಲಿ ವಿರೂಪಣ್ಣನೂ ಕುಳಿತು ಒಳಗಿನ ಮಾತಿಗೆ ಕಿವಿ ಕೊಟ್ಟ.