ಮೊದಲ ಎಳೆತ

ಮುಚ್ಚಿಯೇ ಇರುವ ಮುಷ್ಟಿಯೊಳಗಿನ ಹುಳಿ ವಾಸನೆ, ಎಷ್ಟು ತೊಳೆದರೂ ಹೋಗದ್ದು, ಸರ್ ಕೈಗೂ ಇದೇ ವಾಸನೆ ಬಂತಲ್ಲ ಎಂದುಕೊಂಡಳು, ಬಾರದೇನು, ಇವರು ತನಗೆ ಫಿಸಿಯೋಥೆರಪಿ ಕಲಿಸಿದ ಮೇಷ್ಟ್ರು ಎಂದು ಪಾರ್ಶ್ವವಾಯು ಕೇಳಿಕೊಂಡು ಬರುತ್ತದೆಯೇ — ಬಲಗೈ ಮಡಚಿ ಎದೆಗೆ ಅಂಟಿದೆ, ಉಗುರುಗಳು ಅಂಗೈಗೆ ನೆಟ್ಟಿವೆ, ಅವಳ ಕೆಲಸ ಇಷ್ಟೇ, ಆ ಕೈಯನ್ನು ಒಂದೇ ಸಲ ನೇರಕ್ಕೆ ಎಳೆದು ಸ್ನಾಯು ಎಷ್ಟು ಬಿಗಿಯೆಂದು ಸೊನ್ನೆಯಿಂದ ನಾಲ್ಕರೊಳಗೆ ಒಂದು ಅಂಕ ಬರೆಯುವುದು, ಆಮೇಲೆ ಸಹೋದ್ಯೋಗಿ ಬಂದು ಅವಳ ಅಂಕ ನೋಡದೆ ತಾನೂ ಎಳೆದು ಬರೆಯುತ್ತಾನೆ, ಇಬ್ಬರದೂ ಮೂರೋ ನಾಲ್ಕೋ ಆದರೆ ಬಿಗಿ ಸಡಿಲಿಸುವ ಇಂಜೆಕ್ಷನ್, ಕಡಿಮೆಯಾದರೆ ಮತ್ತೆ ನೋಡುವುದು ಆರು ತಿಂಗಳಿಗೆ, ಅಷ್ಟರಲ್ಲಿ ಈ ಮೊಣಕೈ ಕೊರಡಾಗಿರುತ್ತದೆ, ಅವಳಿಗೂ ಗೊತ್ತು, ಸರ್‌ಗೂ ಗೊತ್ತು, ಒಂದೇ ಸೆಕೆಂಡು ಕಣ್ರೀ, ಸಾವಿರದ ಒಂದು ಅನ್ನೋಷ್ಟರಲ್ಲಿ ಕೈ ನೇರ ಆಗ್ಬೇಕು, ನಿಧಾನ ಮಾಡಿದ್ರೆ ಬಿಗಿತ ಬಚ್ಚಿಟ್ಕೊಳ್ಳುತ್ತೆ, ಮತ್ತೆ ಮತ್ತೆ ಎಳೆದ್ರೆ ಸೋತು ಸಡಿಲ ಆಗುತ್ತೆ, ಮೊದಲ ಎಳೆತವೇ ಸತ್ಯ — ತರಗತಿಯಲ್ಲಿ ಸರ್ ಹೇಳುತ್ತಿದ್ದ ಪಾಠವೇ ಇದು, ಪರೀಕ್ಷೆಯ ದಿನ ಅವಳು ಎರಡು ಎಂದಳು, ಅವರು ಮೂರು ಎಂದರು, ಇದೇನು ಕೈಯೋ ಸೌಟೋ, ಮನೇಲಿ ಹಿಟ್ಟು ನಾದ್ಕೊಂಡಿರು ಹೋಗು, ನಲವತ್ತು ಜನ ನಕ್ಕರು, ಮಂಚದ ಮೇಲಿದ್ದ ರೋಗಿಯೂ ನಕ್ಕ, ಫೇಲಾಗಿ ಒಂದು ವರ್ಷ ಮಣ್ಣುಪಾಲಾಯಿತು, ಅಪ್ಪ ಮುಖ ಕೊಟ್ಟು ಮಾತಾಡಲಿಲ್ಲ, ಸೌಟಮ್ಮ ಎಂದು ಇವತ್ತಿಗೂ ಕರೆಯುವವರಿದ್ದಾರೆ.

ಹೂವು ಹಿಡಿದಂತೆ ಹಿಡಿದಳು, ಎಳೆದಳು, ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು, ಸಾವಿರದ ನಾಲ್ಕು, ಮಡಚಿ ಮತ್ತೆ, ಇನ್ನೊಮ್ಮೆ, ಹನ್ನೆರಡು ಸಲ, ಮೂರನೆಯದಕ್ಕೇ ಸರ್ ಕಣ್ಣು ಅರಳಿತು, ಅರ್ಥವಾಯಿತು ಅವರಿಗೆ, ಗುರುವಿಗೇ ತಿರುಮಂತ್ರ, ಆದರೆ ಬಾಯಿಂದ ಬರುವುದು ಒಂದೇ ಮಾತು, ಉಳಿದ ಮಾತನ್ನೆಲ್ಲ ರೋಗ ನುಂಗಿದೆ, ಸರಿ, ಸರಿ, ಸರಿ, ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಕಣ್ಣೊರೆಸಿಕೊಂಡರು, ಎಷ್ಟು ಮೆತ್ತಗೆ ಹಿಡೀತೀಯಮ್ಮಾ, ಇವ್ರ ಶಿಷ್ಯೇನೇ ಸಿಕ್ಕಿದ್ದು ನಮ್ಮ ಪುಣ್ಯ, ನೋಡು ಸರಿ ಅಂತಿದ್ದಾರೆ, ಹೌದಮ್ಮಾ, ಅವರು ಹೇಳಿಕೊಟ್ಟಿದ್ದೇ, ಎಂದಳು, ನಾಲಿಗೆ ತೊದಲಲಿಲ್ಲ, ನಾಚಿಕೆಯೂ ಆಗಲಿಲ್ಲ — ಸಹೋದ್ಯೋಗಿ ಬಂದ, ಪಾಪ, ನಿಯಮದ ಮನುಷ್ಯ, ಒಂದೇ ಸೆಕೆಂಡಿಗೆ ಸರಿಯಾಗಿ ಎಳೆದ, ಸೋತ ಸ್ನಾಯು ಸುಮ್ಮನೆ ಬಂತು, ತನ್ನ ಅಂಕ ಬರೆದ, ಇಬ್ಬರ ಚೀಟಿ ಬಿಚ್ಚಿದರೆ ಎರಡು, ಎರಡು, ಇಬ್ರದೂ ಒಂದೇ ನೋಡಿ, ಇದಕ್ಕಿಂತ ನಂಬೋ ಅಳತೆ ಇನ್ನೇನು ಬೇಕು, ಫೈಲು ಮುಚ್ಚಿ ಹೊರಟ, ಅವಳಿಗೆ ಖುಷಿಯಾಯಿತು, ಸುಳ್ಳೇಕೆ, ಹೊಟ್ಟೆ ತಣ್ಣಗಾಯಿತು, ಸರ್ ಎಡಗೈ ಮೇಲೆದ್ದಿತು, ಹೊಡೆಯುತ್ತಾರೇನೋ, ಇಲ್ಲ, ತಮ್ಮದೇ ಬಲಗೈ ಮಣಿಕಟ್ಟು ಹಿಡಿದು ಒಂದೇ ಸೆಕೆಂಡಿಗೆ ಎಳೆದರು, ಸರಿ, ಬಿಗಿ ಆಗಲೇ ಮರಳಿತ್ತು, ಮೊಣಕೈ ಅರ್ಧಕ್ಕೇ ನಿಂತಿತು, ಮತ್ತೆ ಎಳೆದರು, ಸರಿ, ಸರಿ, ಸಹೋದ್ಯೋಗಿ ಹೋದ ಬಾಗಿಲ ಕಡೆ ನೋಡುತ್ತ, ನಿಂತ ಮೊಣಕೈ ತೋರಿಸುತ್ತ, ಅಯ್ಯೋ ಯಾಕೆ ಹಿಂಸೆ ಮಾಡ್ಕೋತೀರಿ ಎಂದು ಹೆಂಡತಿ ಆ ಎಡಗೈಯನ್ನು ಬಿಡಿಸಿ ತಮ್ಮ ಮಡಿಲಲ್ಲಿಟ್ಟು ಒತ್ತಿ ಹಿಡಿದರು, ಬಲಗೈ ತಾನಾಗಿ ಎದೆಗೆ ಮಡಚಿಕೊಂಡಿತು, ಬೆರಳು ಒಂದೊಂದಾಗಿ ಒಳಗೆ, ಉಗುರು ಅಂಗೈಗೆ, ಅವಳು ಮುಂದಿನ ರೋಗಿಯನ್ನು ಕರೆಯಬೇಕಿತ್ತು, ಉಗುರು ಅಂಗೈಗೆ, ಕರೆಯಬೇಕು, ಉಗುರು, ಅಂಗೈ, ಬೆರಳ ಸಂದಿಯಿಂದ ಸಣ್ಣಗೆ ರಕ್ತ —