ಸೂಲಿಬೆಲೆ ಅಂಗಡಿಯ ಸರ್ಟಿಫಿಕೇಟು

ಪತ್ರ ಬಂದದ್ದು ಸೋಮವಾರ ಬೆಳಿಗ್ಗೆ. ದೇವನಹಳ್ಳಿಯ ಔಷಧಿ ಅಂಗಡಿಯಲ್ಲಿ ಕೀರ್ತನ ಇನ್‌ಸುಲಿನ್ ಡಬ್ಬಿಗಳನ್ನು ಫ್ರಿಜ್ಜಿಗೆ ಜೋಡಿಸುತ್ತಿದ್ದಳು. ಮೊಬೈಲಿನಲ್ಲಿ ಕೆನಡಾದ ವಲಸೆ ಕಚೇರಿಯ ಹೆಸರು ಕಂಡೊಡನೆ, ಅಲ್ಲೇ ಕಾಯಂ ಆಗಿ ನೆಲೆಸುವ ಪಿ.ಆರ್. ಸಿಕ್ಕಿತೆಂದೇ ತಿಳಿದು ಕಣ್ಣು ಮುಚ್ಚಿ ಕೈ ಮುಗಿದಳು. ಓದಿದ ಮೇಲೆ ಕೈಯಲ್ಲಿದ್ದ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಪತ್ರದಲ್ಲಿ ಗದರಿಕೆಯ ಮಾತು ಒಂದೂ ಇರಲಿಲ್ಲ. ಆರು ವರ್ಷದಿಂದ ದೇವನಹಳ್ಳಿಯ ಒಂದೇ ಅಂಗಡಿಯಲ್ಲಿ ಪೂರ್ತಿ ಹೊತ್ತಿನ ಕೆಲಸ ಮಾಡಿದ್ದೀರೆಂದು ಬರೆದಿದ್ದೀರಿ. ಆದರೆ ನೀವೇ ಕಳಿಸಿದ ಬ್ಯಾಂಕಿನ ವಿವರದಲ್ಲಿ ಸೂಲಿಬೆಲೆಯ ಇನ್ನೊಂದು ಅಂಗಡಿಯಿಂದ ತಿಂಗಳು ತಿಂಗಳೂ ‘ಫಾರ್ಮಸಿಸ್ಟ್ ಸಂಬಳ’ ಬಂದಿದೆ. ಆ ಕೆಲಸವನ್ನು ಏಕೆ ತಿಳಿಸಲಿಲ್ಲ? ಏಳು ದಿನದೊಳಗೆ ಉತ್ತರಿಸಿ. ಸುಳ್ಳು ಮಾಹಿತಿ ಕೊಟ್ಟದ್ದೆಂದು ತೀರ್ಮಾನವಾದರೆ ಐದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ.

ಸೂಲಿಬೆಲೆಯ ಅಂಗಡಿ ಅವಳ ಸೋದರಮಾವ ಆದಿನಾರಾಯಣಪ್ಪನವರದು. ಅಲ್ಲಿ ಅವಳು ಒಂದು ದಿನವೂ ಕೆಲಸ ಮಾಡಿರಲಿಲ್ಲ. ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಲೈಸೆನ್ಸು ಸಿಗುವುದಿಲ್ಲವೆಂದು ಮಾವ ನಾಲ್ಕು ವರ್ಷದ ಹಿಂದೆ ಅವಳ ಸರ್ಟಿಫಿಕೇಟು ಕೇಳಿದ್ದರು. ದೇವನಹಳ್ಳಿಯಲ್ಲಿ ಮಾಲೀಕರೇ ಫಾರ್ಮಸಿಸ್ಟು. ಅಲ್ಲಿನ ಗೋಡೆಗೆ ಅವರದೇ ಸಾಕಾಗಿತ್ತು. ಇವಳದು ಮನೆಯ ಬೀರುವಿನಲ್ಲಿ ಸುಮ್ಮನೆ ಬಿದ್ದಿತ್ತು. ಮದುವೆಮನೆಗೆ ದೊಡ್ಡ ಪಾತ್ರೆ ಕೊಟ್ಟಷ್ಟೇ ಸಲೀಸಾಗಿ ಕೊಟ್ಟಿದ್ದಳು. ಇನ್‌ಸ್ಪೆಕ್ಟರು ಕೇಳಿದರೆ ತೋರಿಸಲು ಇರಲೆಂದು ಮಾವ ಪ್ರತಿ ತಿಂಗಳೂ ಬ್ಯಾಂಕಿನ ಮೂಲಕವೇ ಒಂದಿಷ್ಟು ಹಾಕುತ್ತ ಬಂದಿದ್ದರು. ಅದನ್ನು ಅವಳು ಮರೆತೇಬಿಟ್ಟಿದ್ದಳು.

ಅಂದು ಸಂಜೆ ಅರ್ಜಿ ತುಂಬಿಕೊಟ್ಟಿದ್ದ ಏಜೆಂಟ್ ಚಲಪತಿಯ ಬಳಿಗೆ ಓಡಿದಳು. ನಿಜ ಬರೆಯಲೇ ಎಂದು ಕೇಳಿದ್ದಕ್ಕೆ ಅವನು ನಕ್ಕ. ಸರ್ಟಿಫಿಕೇಟು ಬಾಡಿಗೆಗೆ ಕೊಟ್ಟಿದ್ದೆ ಎಂದು ಬರೆದರೆ ಅವರೂ ನಂಬುವುದಿಲ್ಲ, ಇಲ್ಲಿನ ಫಾರ್ಮಸಿ ಕೌನ್ಸಿಲ್ಲಿಗೆ ತಿಳಿದರೆ ನೋಂದಣಿಯೂ ಹೋಗುತ್ತದೆ, ಆಮೇಲೆ ಯಾವ ದೇಶಕ್ಕೂ ಫಾರ್ಮಸಿಸ್ಟ್ ಆಗಿ ಹೋಗುವಂತಿಲ್ಲ ಎಂದ. ಸಂಜೆ ಆರರಿಂದ ಒಂಬತ್ತರವರೆಗೆ ಅಲ್ಲಿಯೂ ಕೆಲಸ ಮಾಡುತ್ತಿದ್ದಳೆಂದು ಮಾವನಿಂದ ಒಂದು ಪತ್ರ, ಜೊತೆಗೆ ಆ ಹೊತ್ತಿನ ಹತ್ತು ಬಿಲ್ಲುಗಳ ಮೇಲೆ ಅವಳ ಸಹಿ, ಇಷ್ಟು ತಂದರೆ ಸಾಕಂತೆ. ಪತ್ರವನ್ನು ಅವನೇ ಟೈಪು ಮಾಡಿಕೊಟ್ಟ.

“ಸುಳ್ಳು ಅಂದ್ಕೋಬೇಡಿ ಮೇಡಂ. ಎರಡು ಕಾಗದ ಜಗಳ ಆಡ್ತಾ ಅವೆ, ರಾಜಿ ಮಾಡಿಸ್ತಾ ಇದೀವಿ ಅಷ್ಟೇ.”

ಗಂಡ ಅನಿಲ್‌ಕುಮಾರನೂ ಹೂಂ ಎಂದ. ಅವಳಿಗೆ ಮೂವತ್ತೆರಡು, ವರ್ಷ ಕಳೆದಂತೆ ವಲಸೆ ಅರ್ಜಿಯ ಅಂಕ ಇಳಿಯುತ್ತದೆ. ಐದು ವರ್ಷ ಕಾದರೆ ಬಾಗಿಲು ಮುಚ್ಚಿದಂತೆಯೇ. ಎರಡು ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬುಧವಾರ ಮಧ್ಯಾಹ್ನ ಸೂಲಿಬೆಲೆಯಲ್ಲಿ ಬಸ್ಸಿಳಿದಳು. ಬೇಸಿಗೆ ರಜೆಗಳನ್ನೆಲ್ಲ ಅವಳು ಕಳೆದದ್ದು ಈ ಮಾವನ ಮನೆಯಲ್ಲಿ. ಬೆಳಗಿನ ಜಾವ ಅವರು ಮಹಾಭಾರತದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರೆ, ಅರ್ಥ ತಿಳಿಯದಿದ್ದರೂ ಕಂಬಕ್ಕೊರಗಿ ಕೇಳುತ್ತಿದ್ದಳು. ಅಂಥವರ ಮುಂದೆ ಸುಳ್ಳು ಪತ್ರ ಹೇಗೆ ಹಿಡಿಯುವುದೆಂದು ದಾರಿಯುದ್ದಕ್ಕೂ ಹೆದರಿದ್ದಳು. ಮಾವ ಕನ್ನಡಕ ಏರಿಸಿ ಓದಿ, “ಇಷ್ಟೇ ತಾನೆ? ಕೊಡವ್ವ ಪೆನ್ನು” ಅಂದರು. ಅವರು ಹೆದರದಿದ್ದುದು ಅವಳನ್ನು ಇನ್ನೂ ಹೆದರಿಸಿತು.

ಅಂಗಡಿಯ ಗೋಡೆಯ ಮೇಲೆ ಸರ್ಟಿಫಿಕೇಟು ದೇವರ ಪಟಗಳ ಸಾಲಿನಲ್ಲಿ ತೂಗುತ್ತಿತ್ತು. ಅವಳ ಫೋಟೋದ ಕೆಳಗೆ ಕುಂಕುಮ, ಮೇಲೆ ಒಂದೆಳೆ ಸೇವಂತಿಗೆ. ಸತ್ತವರ ಪಟದಂತೆ ಕಂಡು ಕೀರ್ತನ ಬೇರೆ ಕಡೆ ತಿರುಗಿದಳು. ಕಾಫಿ ತಂದ ಅತ್ತೆ ಅಶ್ವತ್ಥಮ್ಮ, “ನಿಂಗೂ ದಿನಾ ಪೂಜೆ ಆಗ್ತೈತೆ ಕಣೇ. ನಿನ್ ಗಂಡ ಮಾಡ್ತಾನೋ ಇಲ್ವೋ” ಎಂದು ನಕ್ಕರು.

ಬಿಲ್ಲಿನ ನಕಲುಗಳ ಫೈಲು ತೆಗೆದು, ಸಂಜೆಯ ಬಿಲ್ಲುಗಳನ್ನು ಆರಿಸುತ್ತ ಅವಳು ಸಹಿ ಹಾಕತೊಡಗಿದಳು. ಪ್ರತಿಯೊಂದರ ಕೆಳಗೂ ಅವಳ ಹೆಸರು ಆಗಲೇ ಅಚ್ಚಾಗಿತ್ತು. ಆರು ಮುಗಿದವು. ಏಳನೆಯದರ ಮೇಲೆ ಸಹಿಯ ಮೊದಲ ಅಕ್ಷರ ಬಿದ್ದಾಗ ಪೆನ್ನು ನಿಂತಿತು.

ಸಪ್ಪಲಮ್ಮ. ಎಂಟು ದಿನದ ಹಿಂದೆ, ಸಂಜೆ ಆರು ನಲವತ್ತು. ಮೆಥೊಟ್ರೆಕ್ಸೇಟ್ ಇಪ್ಪತ್ತಾರು, ಫೋಲಿಕ್ ಆಸಿಡ್ ನಾಲ್ಕು.

ಮೊದಲನೆಯದು ಕೀಲುವಾತಕ್ಕೆ ಕೊಡುವ ಮಾತ್ರೆ, ವಾರಕ್ಕೆ ಒಂದೇ ಒಂದು. ಮಿಕ್ಕ ದಿನಗಳಲ್ಲಿ ಫೋಲಿಕ್ ಆಸಿಡ್. ತಿಂಗಳಿಗೆ ಅದು ನಾಲ್ಕು, ಇದು ಇಪ್ಪತ್ತಾರು ಆಗಬೇಕಿತ್ತು. ಬಿಲ್ಲಿನಲ್ಲಿ ಅದಲುಬದಲಾಗಿತ್ತು. ಮೊದಲನೆಯದನ್ನು ದಿನಾ ನುಂಗಿದರೆ ಮೈಯಲ್ಲಿ ರಕ್ತ ಹುಟ್ಟುವುದೇ ನಿಲ್ಲುತ್ತದೆ. ಕಾಲೇಜಿನಲ್ಲಿ ಮೇಷ್ಟ್ರು ಈ ಒಂದು ಮಾತ್ರೆಯ ಪಾಠದ ದಿನ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, ಮೂರು ಸಲ ಬಾಯಲ್ಲಿ ಹೇಳಿಸಿದ್ದರು.

“ಮಾವ, ಈಯಮ್ಮಂಗೆ ಹೆಂಗ್ ತಗೊಳ್ಳಕ್ಕೆ ಹೇಳಿದ್ರಿ?”

ಮಾವ ಬಿಲ್ಲು ನೋಡಿದರು. “ಹಳದಿದು ದಿನಾ ಒಂದು, ಇನ್ನೊಂದು ಭಾನುವಾರ ಅಂದೆ. ಯಾಕ್ ಮಗಾ?” ಎರಡೂ ಅದಲುಬದಲಾಗಿವೆ ಎಂದು ಅವಳು ಬಿಲ್ಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಸಪ್ಪಲಮ್ಮನ ಮನೆ ಡೈರಿಯ ಹಿಂದೆ, ಫೋನು ಇಲ್ಲ ಎಂದಷ್ಟೇ ಹೇಳಿ ಮಾವ ವ್ಯಾನಿನ ಬೀಗದ ಕೈಗೆ ತಡಕಾಡಿದರು. ಕೀರ್ತನ ಫೈಲನ್ನು ಹಾಗೇ ಕಂಕುಳಲ್ಲಿ ಇರುಕಿಕೊಂಡು ಹೊರಟಳು.

ಸಪ್ಪಲಮ್ಮ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ತುಟಿ ಬಿರಿದು ಬಿಳಿಚಿತ್ತು. ಪಕ್ಕದ ತಟ್ಟೆಯಲ್ಲಿ ಮುಟ್ಟದ ಮುದ್ದೆ ಒಣಗುತ್ತಿತ್ತು.

“ಬಾಯೆಲ್ಲ ಹುಣ್ಣಾಗೈತೆ ಕಣವ್ವ. ನೀರು ಕುಡುದ್ರೂ ಉರಿ,” ಎಂದಳು, ಇವಳು ಯಾರೆಂದು ಕೂಡ ಕೇಳದೆ. ಆಮೇಲೆ ಮಾವನನ್ನು ಕಂಡು ಸಮಾಧಾನ ಮಾಡುವವಳಂತೆ ಹೇಳಿದಳು: “ಮಾತ್ರೆ ಮಾತ್ರ ಒಂದಿನಾನೂ ತಪ್ಸಿಲ್ಲಪ್ಪ.”

ಹಣೆ ಮುಟ್ಟಿದರೆ ಕಾದ ಹೆಂಚು. ಹಳದಿ ಮಾತ್ರೆಯ ಹಾಳೆಯಲ್ಲಿ ಎಂಟು ಗುಳಿ ಖಾಲಿ. ಇಬ್ಬರೂ ಅವಳನ್ನು ಎತ್ತಿ ವ್ಯಾನಿನಲ್ಲಿ ಮಲಗಿಸಿ ಹೊಸಕೋಟೆಯ ಕಡೆ ಹೊರಟರು. ಸಪ್ಪಲಮ್ಮನ ತಲೆ ಕೀರ್ತನಳ ತೊಡೆಯ ಮೇಲಿತ್ತು. ಹಳ್ಳ ಬಂದಾಗಲೆಲ್ಲ ಆ ಹಗುರವಾದ ತಲೆ ಅಲ್ಲಾಡುತ್ತಿತ್ತು. ಮುಂದೆ ಮಾವನ ತುಟಿಗಳು ಚಲಿಸುತ್ತಿದ್ದವು. ಪದ್ಯವೋ ಪ್ರಾರ್ಥನೆಯೋ, ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ದಾರಿಯಲ್ಲಿ ಚಲಪತಿ ಎರಡು ಸಲ ಫೋನು ಮಾಡಿದ. ಅವಳು ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಮಾತ್ರೆಯ ಹಾಳೆ ನೋಡಿದವಳೇ ನರ್ಸನ್ನು ಕೂಗಿದಳು. ರಕ್ತ ತೆಗೆದರು, ಡ್ರಿಪ್ ಹಾಕಿದರು. ಅರ್ಧ ಗಂಟೆಯಾದ ಮೇಲೆ ಡಾಕ್ಟರು ಹೊರಗೆ ಬಂದಳು. ಬಿಳಿ ರಕ್ತಕಣ ಬಹಳ ಇಳಿದಿದೆ, ವಿಷ ಇಳಿಸುವ ಇಂಜೆಕ್ಷನ್ ಶುರು ಮಾಡಿದ್ದೇವೆ, ಎರಡು ದಿನ ಏನೂ ಹೇಳಲಾಗುವುದಿಲ್ಲ ಎಂದಳು. ಕೈಯಲ್ಲಿ ಕೀರ್ತನ ಫೈಲಿನಿಂದ ತೆಗೆದುಕೊಟ್ಟಿದ್ದ ಬಿಲ್ಲು ಇತ್ತು.

“ಕೆಳಗಡೆ ಫಾರ್ಮಸಿಸ್ಟ್ ಕೀರ್ತನ ಅಂತಿದೆ. ಯಾರಿದು?”

“ನಾನೇ.”

“ನೀವೇನಾ ಕೊಟ್ಟಿದ್ದು?”

ಹೌದು ಎಂದರೆ ಎಲ್ಲವೂ ಹೊಂದಿಕೊಳ್ಳುತ್ತಿತ್ತು. ಆರು ನಲವತ್ತು ಚಲಪತಿ ಬರೆದ ಹೊತ್ತಿನೊಳಗೇ ಇತ್ತು. ಪತ್ರ ಉಳಿಯುತ್ತಿತ್ತು, ಮಾವನ ಲೈಸೆನ್ಸು ಉಳಿಯುತ್ತಿತ್ತು. ಕೈತಪ್ಪಿ ಆದ ಒಂದು ತಪ್ಪು ಮಾತ್ರ ಅವಳದಾಗುತ್ತಿತ್ತು. ಬೆನ್ನ ಹಿಂದೆಯೇ ಮಾವ ನಿಂತಿದ್ದರು. ಒಳಗೆ ಸಪ್ಪಲಮ್ಮ ನರ್ಸಿಗೆ ಹೇಳುತ್ತಿದ್ದಳು, ಮಾತ್ರೆ ತಪ್ಪಿಸಿಲ್ಲ ಎಂದು.

“ಇಲ್ಲ ಡಾಕ್ಟ್ರೇ. ಆ ಅಂಗಡಿಗೆ ನನ್ನ ಸರ್ಟಿಫಿಕೇಟು ಮಾತ್ರ ಕೊಟ್ಟಿದ್ದೆ. ನಾಲ್ಕು ವರ್ಷದಲ್ಲಿ ಒಂದಿನಾನೂ ನಾನು ಅಲ್ಲಿ ನಿಂತಿಲ್ಲ.”

ಡಾಕ್ಟರು ಅವಳನ್ನೊಮ್ಮೆ, ಮಾವನನ್ನೊಮ್ಮೆ ನೋಡಿ, ಹೇಳಿದ್ದನ್ನು ಹಾಗೆಯೇ ಬರೆದುಕೊಂಡು ಒಳಗೆ ಹೋದಳು. ಕೀರ್ತನ ಬೆಂಚಿನ ಮೇಲೆ ಕೂತಳು. ಮಾವನ ಪತ್ರ ಬೇಡ, ಉತ್ತರ ನಾನೇ ಬರೆಯುತ್ತೇನೆ ಎಂದು ಚಲಪತಿಗೆ ಟೈಪು ಮಾಡಿದಳು. ಇಷ್ಟು ಬರೆಯಲು ಮೂರು ಸಲ ಅಳಿಸಬೇಕಾಯಿತು.

ಮಾವ ಬೈಯುತ್ತಾರೆಂದು ಕಾದಳು. ಅವರು ಪಕ್ಕದಲ್ಲಿ ಬಂದು ಕೂತರು. ತಮ್ಮ ಅಂಗೈಗಳನ್ನೇ ನೋಡಿಕೊಂಡರು.

“ಇನ್ನೂ ಯಾರ್ಯಾರಿಗೆ ಏನೇನ್ ಕೊಟ್ಟಿದೀನೋ ಮಗಾ,” ಅಂದರು.

ಕೀರ್ತನ ಫೈಲನ್ನು ಇಬ್ಬರ ತೊಡೆಗಳ ಮೇಲೆ ಬರುವಂತೆ ಬಿಚ್ಚಿ ಹಾಸಿದಳು. ಈ ತಿಂಗಳ ಮೊದಲ ಬಿಲ್ಲಿನ ಮೇಲೆ ಬೆರಳಿಟ್ಟು ಹೆಸರನ್ನೂ ಮಾತ್ರೆಯನ್ನೂ ಓದಿದಳು. ಮನೆ ಎಲ್ಲಿ ಎಂದು ಮಾವ ಹೇಳಿದರು. ಎರಡನೆಯದನ್ನು ಓದಿದಳು.