ಮೇಲಿನ ಸಪ್ಪಳ

ಭೀಮಶ್ಯಾ ಹಾರೆಯಿಂದ ಕಲ್ಲಿನ ಗೋಡೆಗೆ ಮತ್ತೊಮ್ಮೆ ಬಡಿದ. ಖಣ್ ಎಂದಿತು. ನಾಲ್ಕು ಹೆಜ್ಜೆ ಸರಿದು ಬಡಿದ. ಅಲ್ಲೂ ಖಣ್. ಕಲ್ಲು ಗಟ್ಟಿಯಿದ್ದರೆ ಹಾಗೆ ನುಡಿಯುತ್ತದೆ, ಒಳಗೆ ಬಿರುಕು ಬಿಟ್ಟುಕೊಂಡಿದ್ದರೆ ಬೊದ್ ಎನ್ನುತ್ತದೆ. ಶಹಾಬಾದಿನ ಫರಸಿ ಕಲ್ಲಿನ ಗಣಿಗಳಲ್ಲಿ ಹದಿನೈದು ವರ್ಷ ಅವನು ಕಲಿತದ್ದು ಇದನ್ನೇ. ಅಲ್ಲಿ ಗೋಡೆ ಆಳೆತ್ತರ. ಒಂದು ಕಡೆ ಬಡಿದರೆ ಇಡೀ ಗೋಡೆಯ ಹಣೆಬರಹ ತಿಳಿಯುತ್ತಿತ್ತು.

ಈಗ ಅವನು ಸಿಮೆಂಟ್ ಕಾರ್ಖಾನೆಯ ಸುಣ್ಣಕಲ್ಲಿನ ಗಣಿಯಲ್ಲಿ ಗೋಡೆ ಪರೀಕ್ಷಿಸುವ ಮೇಟ್. ಬೆಳಿಗ್ಗೆ ಅವನು ಪುಸ್ತಕದಲ್ಲಿ ಸಹಿ ಮಾಡಿದ ಮೇಲೆಯೇ ಕಲ್ಲು ಬಾಚುವ ಶಾವೆಲ್ ಯಂತ್ರ ಗೋಡೆಯ ಕೆಳಗೆ ಹೋಗಬೇಕು.

"ಏನ್ ಭೀಮಣ್ಣ, ಗ್ವಾಡಿ ಜೋಡಿ ನಿಕಾ ಮಾಡ್ಕೊಳ್ಳಾಕತ್ತೀ ಏನು?" ಶಾವೆಲಿನ ಮೇಲಿಂದ ಅಮೀರ್ ಅಲಿ ಕೂಗಿದ. "ಲಗೂ ಸಹಿ ಹಾಕೋ, ಟ್ರಕ್ಕಿನವ್ರು ನನಗ ಬೈಲಿಕತ್ತಾರ."

"ತಡಿ ಅಮೀರ್ ಭಾಯ್. ರಾತ್ರಿ ಭಾಳ ಮಳಿ ಆಗ್ಯದ."

ಭೀಮಶ್ಯಾ ಮೇಲೆ ನೋಡಿದ. ಹೋದ ವಾರದವರೆಗೆ ಇಲ್ಲಿ ಗೋಡೆ ಒಂದರ ಮೇಲೊಂದು ಹದಿನೆಂಟು ಅಡಿಯ ಎರಡು ಮೆಟ್ಟಿಲುಗಳಾಗಿತ್ತು. ಏಣಿ ಹಚ್ಚಿದರೆ ಹಾರೆ ಎಲ್ಲ ಕಡೆ ಮುಟ್ಟುತ್ತಿತ್ತು. ಡೀಸೆಲ್ ದರ ಏರಿದ ಮೇಲೆ ಮ್ಯಾನೇಜರ್ ಸಾಹೇಬರು ಕಾಗದ ಹಿಡಿದು ಕೂತರು. ಎರಡು ಮೆಟ್ಟಿಲು ಒಂದಾದರೆ ಟ್ರಕ್ಕಿಗೆ ಒಂದೇ ದಾರಿ ಸಾಕು, ಅರ್ಧ ಮೈಲಿ ಸುತ್ತು ತಪ್ಪುತ್ತದೆ, ಹನ್ನೆರಡು ಟ್ರಕ್ಕಿನ ಕೆಲಸ ಒಂಬತ್ತು ಮಾಡುತ್ತವೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಹಿಂದಿನವರು ಮೆಟ್ಟಿಲನ್ನು ಹದಿನೆಂಟಕ್ಕೆ ನಿಲ್ಲಿಸಿದ್ದು ಅಲ್ಲೊಂದು ಕಲ್ಲು ಜಾರುವ ಹಳದಿ ಮಣ್ಣಿನ ಪದರು ಇದ್ದುದರಿಂದ. ಈಗ ಆ ಪದರು ಮೂವತ್ತಾರು ಅಡಿ ಗೋಡೆಯ ನಟ್ಟನಡುವೆ ಇತ್ತು. ಅದರಿಂದ ನೀರು ಜಿನುಗುತ್ತಿತ್ತು.

ಮೂರು ದಿನ ಅವನು ಕೆಳಗಷ್ಟೇ ಬಡಿದು ಸಹಿ ಮಾಡಿದ್ದ. ಮೂರು ದಿನ ಅಮೀರ್ ಅಲಿ ಅದರ ಕೆಳಗೆ ಕೂತು ಕಲ್ಲು ತುಂಬಿದ್ದ, ಚಹಾ ಕುಡಿದಿದ್ದ.

"ಮ್ಯಾಲಿಂದ ಬಡದು ನೋಡ್ತೀನಿ. ನಾ ಬರೋತನ ಗಾಡಿ ಹಚ್ಚಬ್ಯಾಡ."

ಸುತ್ತು ಹಾಕಿ ಮೇಲೇರಿ, ಕಬ್ಬಿಣದ ಗೂಟಕ್ಕೂ ಸೊಂಟಕ್ಕೂ ಹಗ್ಗ ಕಟ್ಟಿ ಅಂಚಿನಿಂದ ಇಳಿದ. ಹತ್ತು ಅಡಿ ಕೆಳಗೆ ಹಾರೆ ಹಾಕಿದ. ಬೊದ್. ಪಕ್ಕದಲ್ಲಿ ಹಾಕಿದ. ಬೊದ್.

ಕೆಳಗೆ ಇಂಜಿನ್ ಗುಡುಗಿತು. ಮ್ಯಾನೇಜರರ ಜೀಪು ಬಂದು ನಿಂತಿತ್ತು. ಅವರು ಕೈಗಡಿಯಾರ ತೋರಿಸುತ್ತಿದ್ದರು, ಶಾವೆಲ್ ಗೋಡೆಯತ್ತ ಸರಿಯುತ್ತಿತ್ತು. ಭೀಮಶ್ಯಾ ಕೂಗಿದ. ಯಾರಿಗೂ ಕೇಳಿಸಲಿಲ್ಲ. ತಲೆಯ ಕೆಂಪು ರುಮಾಲು ಬಿಚ್ಚಿ, ಅದರಲ್ಲಿ ಕಲ್ಲೊಂದನ್ನು ಕಟ್ಟಿ ಎಸೆದ. ಅದು ಗೋಡೆಯ ಬುಡದಲ್ಲಿ, ಶಾವೆಲಿನ ಎದುರಿಗೇ ಬಿತ್ತು. ಅಮೀರ್ ಅಲಿ ತಲೆಯೆತ್ತಿ ನೋಡಿದ. ಮರುಕ್ಷಣ ಶಾವೆಲ್ ಹಿಂದೆ ಸರಿಯಿತು.

ಭೀಮಶ್ಯಾ ಹಗ್ಗ ಬಿಚ್ಚಿ ಕೆಳಗೆ ಬಂದ.

"ಒಂಬತ್ತು ಟ್ರಕ್ಕು ನಿಂತಲ್ಲೇ ಡೀಸೆಲ್ ಸುಡ್ತಿವೆ ಕಣ್ರೀ. ಸಹಿ ಮಾಡಿ," ಎಂದರು ಮ್ಯಾನೇಜರ್.

"ಮ್ಯಾಲೆ ಬೊದ್ ಅನ್ನಾಕತ್ತದ್ರಿ ಸಾಹೇಬ್ರ."

"ಮೂರು ದಿನದಿಂದ ಅನ್ನಲಿಲ್ವಾ?"

"ಮೂರು ದಿನ ನಾ ಕೇಳಿಲ್ರಿ. ಕೇಳಲಾರ್ದ ಸಹಿ ಮಾಡೀನಿ."

ಅಮೀರ್ ಅಲಿ ಅವನ ಮುಖವನ್ನೇ ನೋಡಿದ. ಶಾವೆಲಿನ ಇಂಜಿನ್ ಬಂದ್ ಮಾಡಿದ.

"ಗೋಡೆ ನೆಟ್ಟಗೆ ನಿಂತಿದೆ. ಸಹಿ ಮಾಡಿ, ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡಿ," ಎಂದರು ಮ್ಯಾನೇಜರ್.

ಭೀಮಶ್ಯಾ ಪುಸ್ತಕ ತೆಗೆದುಕೊಂಡ. ಪೆನ್ನಿನ ಟೋಪಿಯನ್ನೂ ತೆಗೆದ. "ನನ್ನ ರುಮಾಲು ಅಲ್ಲೇ ಬಿದ್ದದ್ರಿ. ನೀವ ಹೋಗಿ ತಂದ್ಕೊಡ್ರಿ, ಸಹಿ ಮಾಡ್ತೀನಿ."

ಟ್ರಕ್ಕಿನ ಮೇಲೆ ಯಾರೋ ನಕ್ಕರು. ಮ್ಯಾನೇಜರ್ ಮುಖ ಕೆಂಪಗೆ ಮಾಡಿಕೊಂಡು ಗೋಡೆಯತ್ತ ನಡೆದರು. ಹತ್ತು ಹೆಜ್ಜೆ ಹಾಕಿದರು. ಹಳದಿ ಪದರಿನಿಂದ ಹಿಡಿಯಷ್ಟು ಮಣ್ಣು ಉದುರಿ, ಗೋಲಿಯಂಥ ಕಲ್ಲೊಂದು ಪುಟಿಯುತ್ತ ಬಂದು ರುಮಾಲಿನ ಬಳಿ ನಿಂತಿತು. ಅವರೂ ನಿಂತರು. ಕನ್ನಡಕ ಸರಿಮಾಡಿಕೊಂಡು ಮೇಲೆ ನೋಡಿದರು.

ಹಿಂದೆ ಒಂದು ಟ್ರಕ್ಕಿನ ಇಂಜಿನ್ ಬಂದ್ ಆಯಿತು. ಮತ್ತೊಂದು. ಒಂಬತ್ತೂ ನಿಂತ ಮೇಲೆ, ಕೆಂಪು ರುಮಾಲಿನ ಮೇಲೆ ಹಳದಿ ಪದರಿನ ನೀರು ತೊಟ್ಟಿಕ್ಕುವುದು ಎಲ್ಲರಿಗೂ ಕೇಳಿಸತೊಡಗಿತು.